ಮೊದಲು ಎಮ್ಮೆಯ ಸಮಾಚಾರ

ನನ್ನ ಮೊಮ್ಮಗಳಿಗೆ ಒಂದು ಕೆಟ್ಟ ಚಟವಿದೆ. ಫೋನ್ ಮಾಡಿದರೆ ನೇರವಾಗಿ ವಿಷಯಕ್ಕೆ ಬಂದುಬಿಡುತ್ತಾಳೆ.

ಇದರಲ್ಲಿ ಕೆಟ್ಟದ್ದೇನು ಎಂದು ನೀವು ಕೇಳಬಹುದು. ಎಲ್ಲರೂ ಹಾಗೇ ಕೇಳುತ್ತಾರೆ. ನಿನ್ನೆಯದನ್ನೇ ಹೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಡುವಷ್ಟರಲ್ಲಿ ಫೋನು. ವಿಜಯಪುರದ ಹಾಸ್ಟೆಲ್ಲಿನಿಂದ ಇವಳು. "ಅಜ್ಜಾ, ನನ್ನ ನೀಲಿ ಚೂಡಿದಾರ ನಿಮ್ಮನ್ಯಾಗ ಬಿಟ್ಟೇನೇನು ನೋಡು." ಇಷ್ಟೇ. ಆರಾಮ ಅದೀಯೇನು ಇಲ್ಲ, ಊಟ ಆತೇನು ಇಲ್ಲ, ಅಜ್ಜಿ ಏನು ಮಾಡಾಕತ್ತಾಳ ಇಲ್ಲ. ಅವಳು "ಅಜ್ಜಾ" ಅಂದು "ನನ್ನ" ಅನ್ನುವುದರೊಳಗೆ ನಾನು ತಾಟಿನ ಮುಂದಿನಿಂದ ಎದ್ದು, ಎಂಜಲುಗೈಯಲ್ಲೇ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ.

"ಕೂಡ್ರಿ," ಅಂದಳು ನನ್ನ ಹೆಂಡತಿ ಶಾಂತಾ, ಮಜ್ಜಿಗೆ ಹಾಕುತ್ತ. "ಕಳದದ್ದು ಚೂಡಿದಾರ, ಹುಡುಗಿ ಅಲ್ಲ."

ಮೊಮ್ಮಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಬೈದೂ ಹೇಳಿದ್ದೇನೆ. ಮೊದಲು ಊಟ ಆಯಿತೇ ಎಂದು ಕೇಳು, ಆಮೇಲೆ ನಿನ್ನ ಚೂಡಿದಾರದ ವಿಚಾರ ತೆಗೆ. ಅದಕ್ಕೆ ಅವಳ ಉತ್ತರ ಏನು ಗೊತ್ತೇ? "ಅಜ್ಜಾ, ಎರಡು ಗಂಟೆ ಅಂದ್ರ ನೀ ಉಂಡಿರ್ತೀ. ಗೊತ್ತಿದ್ದದ್ದನ್ನ ಮತ್ಯಾಕ ಕೇಳೂದು?"

ಈ ಮಾತು ನನಗೆ ಹೊಸದಲ್ಲ. ಯಾಕೆಂದರೆ ಅವಳ ವಯಸ್ಸಿಗಿಂತ ಸ್ವಲ್ಪ ದೊಡ್ಡವನಿದ್ದಾಗ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಸಿಡುಕಿನಲ್ಲಿ, ನಾನೂ ಒಬ್ಬರಿಗೆ ದಿನಾ ಹೇಳುತ್ತಿದ್ದೆ. ಅವರ ಹೆಸರು ರಾಜೇಸಾಬ. ಹಲಸಂಗಿಯವರು. ಎಪ್ಪತ್ತರ ದಶಕದ ನಡುವಿನಲ್ಲಿ ಅವರು ಇಂಡಿಯಲ್ಲಿ ವೈರ್‌ಲೆಸ್ ಆಪರೇಟರ್, ನಾನು ಸಿಂದಗಿಯಲ್ಲಿ ವೈರ್‌ಲೆಸ್ ಆಪರೇಟರ್.

ವೈರ್‌ಲೆಸ್ ಅಂದರೆ ಆಗ ನಮ್ಮ ಕಡೆ ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ನನಗೆ ನೌಕರಿ ಸಿಕ್ಕ ಸುದ್ದಿ ನಮ್ಮೂರು ಯಂಕಂಚಿಗೆ ಮುಟ್ಟಿದಾಗ, ನಾನು ರೇಡಿಯೋದಲ್ಲಿ ಮಾತಾಡುತ್ತೇನೆಂದು ಊರೆಲ್ಲ ತಿಳಿಯಿತು. ನಮ್ಮ ಸೋದರತ್ತೆ ಪಾಪ, ಸಂಜೆಯಾದರೆ ಗೌಡರ ಮನೆಯ ಕಟ್ಟೆಗೆ ಹೋಗಿ ಅವರ ರೇಡಿಯೋದ ಮುಂದೆ ಕುಳಿತು ವಾರ್ತೆ, ಕೃಷಿರಂಗ, ಭಾವಗೀತೆ ಎಲ್ಲ ಮುಗಿಯುವ ತನಕ ನನ್ನ ದನಿಗಾಗಿ ಕಾದಳಂತೆ. ಊರಿಗೆ ಹೋದಾಗ ಮುಖ ಊದಿಸಿಕೊಂಡು ಕೇಳಿದಳು: "ಎಲ್ಲಾರೂ ಮಾತಾಡ್ತಾರ, ನಿನಗಷ್ಟ ಯಾಕ ಕೊಡೂದಿಲ್ಲ ಅವರು?" ಆ ಪ್ರಶ್ನೆ ಎಷ್ಟು ಸರಿಯಾಗಿತ್ತೆಂಬುದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಇಡೀ ನೌಕರಿಯೇ ಮಾತಾಡಲು ಅವಕಾಶ ಸಿಗದ ನೌಕರಿಯಾಗಿತ್ತು.

ನಮ್ಮದು ಹೊಳೆಯ ನೀರು ನೋಡುವ ಇಲಾಖೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳಲ್ಲಿ ಒಂದೊಂದು ಕೋಣೆ, ಕೋಣೆಯಲ್ಲಿ ಟ್ರಂಕಿನಷ್ಟು ದೊಡ್ಡದೊಂದು ಸೆಟ್, ಕೆಳಗೆ ಮೋಟಾರಿನ ಬ್ಯಾಟರಿ, ಹೊರಗೆ ಬೇವಿನ ಮರದಿಂದ ಕಂಬಕ್ಕೆ ಎಳೆದ ತಂತಿ, ತಂತಿಯ ಮೇಲೆ ಕಾಗೆಗಳು. ಭೀಮಾ ಹೊಳೆಯ ನೀರು ಮೊದಲು ಇಂಡಿಯ ಕಡೆ ಬಂದು ಆಮೇಲೆ ನಮ್ಮ ಸಿಂದಗಿಯ ಕಡೆ ಇಳಿಯುತ್ತದೆ. ಹಾಗಾಗಿ ಅಲ್ಲಿ ನೀರು ಏರಿದರೆ ರಾಜೇಸಾಬರು ನನಗೆ ಹೇಳಬೇಕು, ನಾನು ಜನ ಹೊಳೆ ದಾಟುವ ಕೆಳಗಿನ ಕಡವುಗಳಲ್ಲಿ ಹರಿಗೋಲು ನಿಲ್ಲಿಸಬೇಕು. ಮುದ್ದೇಬಿಹಾಳದ್ದು ಕೃಷ್ಣೆಯ ಲೆಕ್ಕ. ಅಲ್ಲಿದ್ದವನು ತಂಗಡಗಿಯ ಮಲ್ಲಣ್ಣ. ಇನ್ನು ಬಾಗೇವಾಡಿ ಊರಿಗೆ ಹೊಳೆಯಿಲ್ಲ. ಆದರೆ ಅಲ್ಲಿ ಸಾಹೇಬರಿದ್ದರು, ಅದಕ್ಕೇ ಅದು ಕಂಟ್ರೋಲ್.

ಪೀಕಲಾಟವೆಲ್ಲ ಇದ್ದದ್ದು ಒಂದೇ ಕಡೆ. ನಾಲ್ಕು ಊರಿಗೂ ಕೊಟ್ಟದ್ದು ಒಂದೇ ಚಾನೆಲ್. ಒಬ್ಬ ಮಾತಾಡುವಾಗ ಉಳಿದ ಮೂವರು ಬಾಯಿ ಮುಚ್ಚಿಕೊಂಡು ಕೂಡಬೇಕು. ಮೈಕಿನ ಬಟನ್ ಒತ್ತಿ ಹಿಡಿದಷ್ಟು ಹೊತ್ತು ನೀವು ಮಾತಾಡಬಹುದು, ಕೇಳಲು ಬರುವುದಿಲ್ಲ. ಮಾತು ಮುಗಿದ ಮೇಲೆ "ಓವರ್" ಅಂದು ಬಟನ್ ಬಿಟ್ಟರೆ ಮತ್ತೊಬ್ಬರಿಗೆ ದಾರಿ. ಇಬ್ಬರು ಒಟ್ಟಿಗೇ ಒತ್ತಿದರೆ ಇಬ್ಬರ ಮಾತೂ ಹೋಗಿ ಕಿವಿ ಹರಿಯುವಂಥ ಸಿಳ್ಳೆ ಬರುತ್ತಿತ್ತು. ನಮ್ಮ ಜಿಲ್ಲೆಯ ಜನ ಎದುರು ಬದುರು ಕುಳಿತಾಗಲೇ ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯುವುದಿಲ್ಲ. ಇನ್ನು ಮುಖ ಕಾಣದೆ ಕುಳಿತಾಗ ಕಾಯುತ್ತಾರೆಯೇ? ದಿನದಲ್ಲಿ ಅರ್ಧ ಹೊತ್ತು ನಾನು ಆ ಸಿಳ್ಳೆಯನ್ನೇ ಕೇಳಿದ್ದೇನೆ.

ಇದಕ್ಕೊಂದು ಪದ್ಧತಿ ಇರಲಿಲ್ಲವೇ ಅಂದರೆ, ಇತ್ತು. ಗೋಡೆಗೆ ಅಂಟಿಸಿದ್ದರು. ಸುದ್ದಿಯಲ್ಲಿ ಮೂರು ದರ್ಜೆ. ಜೀವಕ್ಕೆ, ಹೊಳೆಗೆ ಸಂಬಂಧಿಸಿದ್ದಾದರೆ "ಕ್ರ್ಯಾಶ್". ಅದು ಬಂದರೆ ಉಳಿದವರೆಲ್ಲ ಬಟನ್ ಬಿಟ್ಟು ದಾರಿ ಕೊಡಬೇಕು. ಅದರ ಕೆಳಗೆ "ಅರ್ಜೆಂಟ್". ಎಲ್ಲಕ್ಕಿಂತ ಕೆಳಗೆ "ಸಾದಾ". ಬರೆದವರು ಬುದ್ಧಿವಂತರೇ. ಆದರೆ ಅವರು ನಮ್ಮ ತಾಲೂಕುಗಳ ಅಧಿಕಾರಿಗಳನ್ನು ನೋಡಿರಲಿಲ್ಲ. ಯಾವ ಅಧಿಕಾರಿ ತಾನೇ ತನ್ನ ಕೈಯಾರೆ ತನ್ನ ಸುದ್ದಿಯನ್ನು ಸಾದಾ ಅಂದುಕೊಂಡಾನು? ನಾನು ಕೆಲಸಕ್ಕೆ ಸೇರುವಷ್ಟರಲ್ಲಿ ಸಾದಾ ಎಂಬ ದರ್ಜೆ ತೀರಿಕೊಂಡಿತ್ತು. ಖುರ್ಚಿ ರಿಪೇರಿಯೂ ಅರ್ಜೆಂಟ್, ರಜೆಯ ಅರ್ಜಿಯೂ ಅರ್ಜೆಂಟ್. ಎಲ್ಲವೂ ಅರ್ಜೆಂಟ್ ಆದ ಮೇಲೆ ಅರ್ಜೆಂಟಿಗೆ ಬೆಲೆ ಎಲ್ಲಿಯದು? ಒಬ್ಬರು ತಮ್ಮ ಖುರ್ಚಿಯನ್ನು ಕ್ರ್ಯಾಶಿಗೆ ಏರಿಸಿದರು. ಅವರನ್ನು ನೋಡಿ ಇನ್ನೊಬ್ಬರು ಮಳೆಗೆ ಹೊದಿಸುವ ತಾಡಪತ್ರಿಯನ್ನು ಏರಿಸಿದರು. ಮುದ್ದೇಬಿಹಾಳದಿಂದ ಒಮ್ಮೆ ಎರಡು ಜವಾರಿ ಕೋಳಿ ಕ್ರ್ಯಾಶಿನಲ್ಲಿ ಬಂದವು. ನಾನು ಬರೆದುಕೊಂಡು, ಪೆನ್ನು ಎಸೆದು, ಹೊರಗೆ ಹೋಗಿ ಕಾಗೆಗೆ ಕಲ್ಲು ಹೊಡೆದು ಬಂದೆ.

ಇದರ ಮೇಲೆ ರಾಜೇಸಾಬರು.

ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಕಾಕಾ ಅನ್ನುತ್ತಿದ್ದೆ. ದನಿ ತುಂಬಾ ಮೃದು, ಕೆಲಸ ಅಚ್ಚುಕಟ್ಟು. ಆದರೆ ಕುಶಲ ಕೇಳದೆ ಅವರ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಬೆಳಿಗ್ಗೆ ಸೆಟ್ ಹಚ್ಚಿದ ಕೂಡಲೇ ಶುರು.

"ಸಿಂದಗಿ, ಸಿಂದಗಿ, ಇಂಡಿ ಮಾತಾಡಾಕತ್ತೈತಿ. ನಮಸ್ಕಾರಪಾ ಗುರಪ್ಪಾ. ಆರಾಮ ಅದೀಯೇನು? ಓವರ್."

"ಆರಾಮ್ರೀ ಕಾಕಾ. ನೀರು ಎಷ್ಟೈತ್ರಿ? ಓವರ್."

"ಹೇಳ್ತೇನಿ, ಹೇಳ್ತೇನಿ. ನಾಷ್ಟಾ ಆತಿಲ್ಲ? ಶಾಂತವ್ವ ಹ್ಯಾಂಗದಾಳ? ಕೂಸು ರಾತ್ರಿ ನಿದ್ದಿ ಮಾಡ್ತೈತೇನು? ನಮ್ಮ ಎಮ್ಮಿ ಇವತ್ತ ನಾಳಿ ಅನ್ನಾಕತ್ತೈತಿ ತಮ್ಮಾ. ಓವರ್."

ಎಮ್ಮೆಗೆ ಗಬ್ಬ ನಿಂತ ದಿನದಿಂದ ನಾನು ಆ ಎಮ್ಮೆಯ ಸಮಾಚಾರ ಕೇಳುತ್ತ ಬಂದಿದ್ದೆ. ಅದು ತಿಂದದ್ದು, ಬಿಟ್ಟದ್ದು, ಒದ್ದದ್ದು ಎಲ್ಲ ನನಗೆ ಗೊತ್ತಿತ್ತು. ಎಮ್ಮೆ ಮುಗಿದ ಮೇಲೆ ಮಲ್ಲಣ್ಣ ಮುದ್ದೇಬಿಹಾಳದಿಂದ ಬಾಯಿ ಹಾಕುತ್ತಿದ್ದ. "ನಮಸ್ಕಾರ್ರೀ ಎಲ್ಲಾರಿಗೂ! ರಾಜೇಸಾಬಣ್ಣಾರ, ಹುಲ್ಲ ಜ್ವಾಳದ್ದ ಹಾಕ್ರಿ, ಶೇಂಗಾ ಹೊಟ್ಟ ಹಾಕಬ್ಯಾಡ್ರಿ." ಅವನ ಸೆಟ್ ಹೊಸದು, ಗಂಟಲು ಹಳೆಯದು, ಎರಡೂ ಜೋರು. ಅವನು ಬಟನ್ ಒತ್ತಿದರೆ ಬೇರೆ ಯಾರ ದನಿಯೂ ಕೇಳಿಸುತ್ತಿರಲಿಲ್ಲ. ಹೊಳೆಯ ನೀರಿನ ಅಳತೆ ನನ್ನ ಕೈಗೆ ಬರುವಷ್ಟರಲ್ಲಿ ನನ್ನ ಚಹಾ ಆರಿ ಹೋಗಿರುತ್ತಿತ್ತು.

"ಕಾಕಾ, ದಿನಾ ಆರಾಮ ಇರ್ತೇನಿ, ದಿನಾ ಉಂಡಿರ್ತೇನಿ. ಗೊತ್ತಿದ್ದದ್ದನ್ನ ಯಾಕ ಕೇಳ್ತೀರಿ?" ಎಂದು ಒಂದು ದಿನ ಸಿಡುಕಿಯೇ ಬಿಟ್ಟೆ.

"ಹಾಂಗಲ್ಲ ತಮ್ಮಾ," ಅಂದರು ಅವರು, ಒಂಚೂರೂ ಬೇಸರಿಲ್ಲದೆ. "ಕೇಳದ ಹ್ಯಾಂಗ ಮಾತಾಡೂದು? ಅದಿರ್ಲಿ, ಇವತ್ತ ದನಿ ಸಣ್ಣ ಆಗೇತಲ್ಲ, ನೆಗಡಿ ಏನು? ಓವರ್."

ಆದರೆ ಒಂದು ಮಾತನ್ನು ನಾನು ಹೇಳಬೇಕು. ಮಳೆಗಾಲದ ಒಂದು ಬೆಳಿಗ್ಗೆ, ನಮ್ಮೆಲ್ಲರ ಕಿವಿ ಕಿತ್ತುಹಾಕುವ ಮಲ್ಲಣ್ಣ ನಮಸ್ಕಾರವನ್ನೇ ಹೇಳದೆ, "ಮುದ್ದೇಬಿಹಾಳ. ನಮ್ಮ ನೀರು ನೋಡಾಂವ ಹೊಳ್ಯಾಗ ಸಿಕ್ಕಾನ," ಅಂದ. ಕ್ರ್ಯಾಶ್ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಆ ಕ್ಷಣಕ್ಕೆ ನಾವೆಲ್ಲ ಬಟನ್ನಿನಿಂದ ಕೈ ತೆಗೆದೆವು. ನಾನು ಆಗ ಯಾವುದೋ ಅಧಿಕಾರಿಯ ಅರ್ಜೆಂಟ್ ಓದುತ್ತ, ನಡುವೆ ಉಸಿರಿಗೆಂದು ಬಟನ್ ಬಿಟ್ಟಿದ್ದೆ. ಅದು ಅರ್ಧಕ್ಕೇ ನಿಂತಿತು. ದೋಣಿ ಹೋಗಿ ಆ ಮನುಷ್ಯನನ್ನು ಬಂಡೆಯ ಮೇಲಿಂದ ಇಳಿಸಿಕೊಂಡು ಬರುವ ತನಕ ಚಾನೆಲ್ಲಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಈ ಪದ್ಧತಿಯನ್ನು ಯಾರೂ ಗೋಡೆಗೆ ಅಂಟಿಸಿರಲಿಲ್ಲ. ಯಂಕಂಚಿಯಲ್ಲಿ ನಮ್ಮ ಓಣಿಗೆಲ್ಲ ಒಂದೇ ಸೇದುವ ಬಾವಿ, ಬಾವಿಗೆ ಒಂದೇ ರಾಟೆ. ಹೆಂಗಸರು ಕೊಡಗಳನ್ನು ಪಾಳಿಗೆ ಹಚ್ಚಿ, ಏನು ಅಡಿಗೆ, ಯಾರ ಮನೆಗೆ ಯಾರು ಬಂದರು ಎಂದು ಮಾತಾಡುತ್ತ ನಿಲ್ಲುತ್ತಿದ್ದರು. ನಾನು ಚಿಕ್ಕವನು, ಆಯಿಯ, ಅಂದರೆ ನಮ್ಮ ಅಜ್ಜಿಯ, ಸೆರಗು ಹಿಡಿದುಕೊಂಡು ಬಾವಿಯ ಪಾರಿವಾಳ ನೋಡುತ್ತಿದ್ದೆ. ಒಂದು ದಿನ ಹಿಂದಿನ ಮನೆಯ ಕಾಶವ್ವ ಬರಿಗೊಡ ಹಿಡಿದು ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ನಮ್ಮ ಆಯಿ ತಾನು ಸೇದಿದ ನೀರನ್ನು ತನ್ನ ಕೊಡಕ್ಕೆ ಹಾಕಿಕೊಳ್ಳದೆ ಕಾಶವ್ವನ ಕೊಡಕ್ಕೆ ಸುರಿದಳು. ಪಾಳಿಯಲ್ಲಿದ್ದ ಯಾರೂ ತಕರಾರು ಮಾಡಲಿಲ್ಲ. ಮನೆಗೆ ಬರುವಾಗ ನಾನು ಕೇಳಿದೆ, ಪಾಳಿ ನಮ್ಮದಲ್ಲೇನು ಎಂದು. "ಮಾತಾಡಸದ ಬಂದಾಳಂದ್ರ ಅವರ ಮನ್ಯಾಗ ಏನೋ ಆಗೇತಿ," ಅಂದಳು ಆಯಿ. ಕಾಶವ್ವನ ಸೊಸೆಗೆ ಆಗ ಹೆರಿಗೆ ನೋವು ಶುರುವಾಗಿತ್ತಂತೆ. ನಮ್ಮ ನಾಲ್ಕು ಊರಿನ ಚಾನೆಲ್ಲೂ ಈ ಬಾವಿಯ ಹಾಗೆಯೇ ನಡೆಯುತ್ತಿತ್ತು. ಕುಶಲ ಕೇಳಿದರೆ ಸಾವಕಾಶ ಇದೆ ಎಂದರ್ಥ. ಕೇಳದಿದ್ದರೆ ಹಗ್ಗ ಬಿಡಬೇಕು.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಇದ್ದದ್ದು ಸಿಟ್ಟು ಮಾತ್ರ. ಹಾಗಾಗಿ ಮೈಸೂರು ಕಡೆಯ ಹೊಸ ಸಾಹೇಬರು ಬಾಗೇವಾಡಿಗೆ ಬಂದು, ಬಂದ ದಿನವೇ ಕುಶಲಕ್ಕೆ ಕತ್ತರಿ ಹಾಕಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನೇ.

ಅವರದೇನೂ ತಪ್ಪಿರಲಿಲ್ಲ. ಬಂದು ಸೆಟ್ಟಿನ ಮುಂದೆ ಕುಳಿತಿದ್ದಾರೆ. ಕೃಷ್ಣೆಯ ಅಳತೆ ಬೇಕಾಗಿದೆ. ಚಾನೆಲ್ಲಿನಲ್ಲಿ ಎಮ್ಮೆ ನಡೆದಿದೆ. ಕಾದರು, ಕಾದರು. ಎಮ್ಮೆ ಮುಗಿದು ಶಾಂತಾಳ ಪಂಚಮಿ ಶುರುವಾಯಿತು.

ಶಾಂತಾ ನಾಗರಪಂಚಮಿಗೆಂದು ತವರಿಗೆ ಹೋಗಿದ್ದಳು. ತವರು ಭೀಮೆಯ ಆಚೆ ದಡದ ಊರು. ಕಂಕುಳಲ್ಲಿ ಇನ್ನೂ ಹಲ್ಲು ಬಾರದ ಮಗಳು. ರಾಜೇಸಾಬರು ವಾರದಿಂದ ಅದನ್ನೇ ಹಿಡಿದಿದ್ದರು. ಯಾವಾಗ ಹೋದಳು, ಜೋಕಾಲಿ ಕಟ್ಟಿದ್ದಾರೇನು, ಹಬ್ಬದ ಸಿಹಿ ಉಂಡಿ ಯಾವ ಯಾವವು, ಹೊಳ್ಳಿ ಬರುವುದು ಯಾವತ್ತು, ಯಾವ ಕಡವಿನಲ್ಲಿ ದಾಟುತ್ತಾಳೆ.

"ಸ್ವಾಮಾರ ಬರ್ತಾಳ್ರೀ ಕಾಕಾ," ಎಂದು ನಾನು ಹಲ್ಲು ಕಡಿದು ಹೇಳಿದೆ. "ನಮ್ಮ ಕೆಳಗಿನ ಕಡವಿನಾಗ, ಮಧ್ಯಾಹ್ನದ ಹರಗೋಲಿಗೆ. ಇನ್ನೇನರ ಕೇಳೂದೈತೇನ್ರಿ? ಓವರ್."

"ಉಂಡಿ ನನಗೊಂದಿಷ್ಟ ಇಡಾಕ ಹೇಳು. ಓವರ್."

ಆಗ ಬಂತು ಕಂಟ್ರೋಲ್. "ಏನ್ರೀ ಇದು! ವೈರ್‌ಲೆಸ್ಸೋ, ಸಂತೆಯೋ? ಇವತ್ತಿನಿಂದ ಈ ಚಾನೆಲ್ಲಿನಲ್ಲಿ ಊಟ, ತಿಂಡಿ, ನಮಸ್ಕಾರ, ಎಮ್ಮೆ, ಯಾವುದೂ ಕೂಡದು. ಊರ ಹೆಸರು, ದರ್ಜೆ, ಸುದ್ದಿ. ಒಂದೇ ದರ್ಜೆಯ ಇಬ್ಬರಿದ್ದರೆ ಮೊದಲು ಬಂದವರದು ಮೊದಲು. ತಿಳೀತಾ? ಓವರ್."

ಮೂವರೂ "ಹೌದ್ರಿ ಸಾಹೇಬ್ರ" ಎಂದು ಒಟ್ಟಿಗೇ ಒತ್ತಿದೆವು. ಸಾಹೇಬರ ಕಿವಿಗೆ ಸಿಳ್ಳೆ ಬಂತು.

ಅದಾದ ಮೇಲೆ ಚಾನೆಲ್ ಎಷ್ಟು ಚೊಕ್ಕಟವಾಯಿತು! ಬೆಳಿಗ್ಗೆ ಸೆಟ್ ಹಚ್ಚಿದರೆ, "ಇಂಡಿ. ಅರ್ಜೆಂಟ್. ನೀರು ಇಷ್ಟು. ಓವರ್." ನನ್ನ ಚಹಾ ಬಿಸಿಯಿರುವಾಗಲೇ ಕೆಲಸ ಮುಗಿಯತೊಡಗಿತು. ರಾಜೇಸಾಬರು ಪ್ರತಿ ಸಲ "ಇಂಡಿ" ಅಂದ ಮೇಲೆ ಒಂದಿಷ್ಟು ತಡವರಿಸುತ್ತಿದ್ದರು. ಬಾಯಿಗೆ ಬಂದದ್ದನ್ನು ಒಳಗೆ ನುಂಗುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಎಮ್ಮೆ ಈದಿತೋ ಇಲ್ಲವೋ ಎಂಬುದು ಮಾತ್ರ ಆಗಾಗ ತಲೆಗೆ ಬರುತ್ತಿತ್ತು. ಬಂದದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ಸೋಮವಾರ ಬಂತು. ಸಿಂದಗಿಯಲ್ಲಿ ಬಿಸಿಲು. ಮಳೆಯ ಸುಳಿವೂ ಇಲ್ಲ. ಮನೆ ಗುಡಿಸಿ, ನೀರು ತುಂಬಿಸಿ, ಸಂಜೆ ಹೆಂಡತಿ ಮಗಳು ಬರುತ್ತಾರೆಂಬ ಹುರುಪಿನಲ್ಲಿ ಕೆಲಸಕ್ಕೆ ಬಂದು ಕುಳಿತೆ. ಚಾನೆಲ್ಲಿನಲ್ಲಿ ಮಲ್ಲಣ್ಣ ಗಂಟಲು ಬಿಚ್ಚಿದ್ದ. ಯಾರೋ ಭಾರಿ ಅಧಿಕಾರಿ ಮುದ್ದೇಬಿಹಾಳದ ಪ್ರವಾಸಿ ಮಂದಿರದಲ್ಲಿ ಇಳಿದುಕೊಳ್ಳುವವರಿದ್ದರು. ಅಲ್ಲಿಗೆ ಬೇಕಾದ ಸಾಮಾನನ್ನು ಬಾಗೇವಾಡಿಯಿಂದ ಕಳಿಸಬೇಕು. ಮುದ್ದೇಬಿಹಾಳದ ಅಧಿಕಾರಿ ಅದಕ್ಕೆ ಕ್ರ್ಯಾಶ್ ದರ್ಜೆ ಹಾಕಿ ಮಲ್ಲಣ್ಣನ ಕೈಗೆ ಕೊಟ್ಟಿದ್ದರು.

"ಸೊಳ್ಳಿ ಪರದೆ ಎರಡು. ತೂತ ಇಲ್ಲದ್ದು. ಓವರ್."

"ಬರೆದುಕೊಂಡೆ. ಮುಂದೆ. ಓವರ್," ಅಂದರು ಸಾಹೇಬರು.

ಆ ಸಂದಿಯಲ್ಲಿ ಸಣ್ಣ ದನಿ: "ಇಂಡಿ. ಕ್ರ್ಯಾಶ್."

"ನಂದೂ ಕ್ರ್ಯಾಶ್!" ಅಂದ ಮಲ್ಲಣ್ಣ. "ಗಾದಿ ಒಂದು. ಹತ್ತಿ ಹೊಸಾದು. ಓವರ್."

"ಬರೆದುಕೊಂಡೆ. ಇಂಡಿ, ಮುದ್ದೇಬಿಹಾಳದವರು ಮೊದಲು ಬಂದಿದ್ದಾರೆ. ಅವರದು ಮುಗಿಯಲಿ. ಓವರ್."

"ಸಾಹೇಬ್ರ, ಇಂಡಿ, ಕ್ರ್ಯಾಶ್..." ಅಷ್ಟರಲ್ಲಿ ಮಲ್ಲಣ್ಣ ಒತ್ತಿದ. ಸಿಳ್ಳೆ. ಸಿಳ್ಳೆ ನಿಂತ ಮೇಲೆ "ಕಾಜಿನ ಗ್ಲಾಸ ಅರ್ಧಾ ಡಜನ್" ಎಂಬುದಷ್ಟೇ ಕೇಳಿಸಿತು.

ನಾನು ಏನು ಮಾಡುತ್ತಿದ್ದೆ ಅಂತೀರಾ? ಬೆಂಚಿಗೆ ಕಾಲು ಚಾಚಿ ಕಿವಿ ಕೆರೆದುಕೊಳ್ಳುತ್ತಿದ್ದೆ. ಇಂಡಿಯಿಂದ ಆ ವಾರದಲ್ಲೇ ತಾಡಪತ್ರಿ ಕ್ರ್ಯಾಶಿನಲ್ಲಿ ಬಂದಿತ್ತು, ಸುಣ್ಣವೂ ಕ್ರ್ಯಾಶಿನಲ್ಲಿ ಬಂದಿತ್ತು. ಇದೂ ಯಾವುದೋ ಸಾಹೇಬರ ಬಕೆಟ್ ಇರಬೇಕು ಅಂದುಕೊಂಡೆ. ರಾಜೇಸಾಬರು ಕುಶಲ ಕೇಳದೆ ಮಾತಾಡುತ್ತಿದ್ದರು, ನಿಜ. ಆದರೆ ಆ ವಾರವೆಲ್ಲ ಎಲ್ಲರೂ ಹಾಗೇ ಮಾತಾಡಿದ್ದೆವು. ಮತ್ತೊಮ್ಮೆ "ಇಂಡಿ" ಬಂತು, ಮತ್ತೊಮ್ಮೆ ಸಿಳ್ಳೆ ಬಂತು. ನಾನು ದನಿ ಸಣ್ಣದು ಮಾಡಲು ಸೆಟ್ಟಿನ ಗುಂಡಿಗೆ ಕೈಹಾಕಿದ್ದೆ.

ಮಲ್ಲಣ್ಣ "ಓವರ್" ಅಂದ. ಸಾಹೇಬರು ಬರೆದುಕೊಳ್ಳುತ್ತಿದ್ದರೋ ಏನೋ, ಒಂದು ಗಳಿಗೆ ಚಾನೆಲ್ ಖಾಲಿ ಬಿತ್ತು.

"ನಮಸ್ಕಾರಪಾ ಗುರಪ್ಪಾ," ಅಂದಿತು ಇಂಡಿ. "ಊಟ ಆತೇನು?"

ನನ್ನ ಕೈ ಗುಂಡಿಯ ಮೇಲೇ ನಿಂತಿತು. ಸಾಹೇಬರು ಕೇಳುತ್ತ ಕುಳಿತಿರುವಾಗ, ಹುಕುಂ ಆಗಿ ವಾರ ಕಳೆದಿಲ್ಲದಿರುವಾಗ, ಕ್ರ್ಯಾಶ್ ನಡೆದಿರುವಾಗ, ಊಟ! ಬಾಗೇವಾಡಿಯಿಂದ ಮಾತಿಲ್ಲ. ಮಲ್ಲಣ್ಣನ ಬಾಯಿ ಕೂಡ ಬಂದ್ ಆಗಿತ್ತು. ಗಾಬರಿಯಲ್ಲಿ ಬಟನ್ ಒತ್ತುವುದನ್ನೇ ಮರೆತೆ ಎಂದು ಆಮೇಲೆ ಅವನೇ ಹೇಳಿದ.

"ಶಾಂತವ್ವ ಇವತ್ತ ಬರಾಕಿ ಅಲ್ಲೇನು?" ಅಂದರು ರಾಜೇಸಾಬರು. "ಹೊಳಿ ಬಂದೈತಿ ತಮ್ಮಾ. ನಸಿಕಿಲಿಂದ ಏರಾಕತ್ತೈತಿ, ಗಿಡಾ ಗಂಟಿ ಎಲ್ಲಾ ತೇಲಿ ಬರಾಕತ್ತಾವು. ಮಧ್ಯಾಹ್ನಕ್ಕ ನಿಮ್ಮ ಕಡವಿಗೆ ಮುಟ್ಟತೈತಿ. ಹರಗೋಲ ನಿಂದ್ರಸು. ಓಡು. ಓವರ್."

ನಾನು "ಓವರ್" ಅನ್ನಲಿಲ್ಲ. ಏನೂ ಅನ್ನಲಿಲ್ಲ. ಮೈಕು ಮೇಜಿನಿಂದ ಕೆಳಗೆ ಜೋತಾಡುತ್ತಿತ್ತು. ಒಂದೇ ಚಪ್ಪಲಿಯಲ್ಲಿ ಇಲಾಖೆಯ ಜೀಪಿಗೆ ಓಡಿದ್ದೆ.

ಸಿಂದಗಿಯಿಂದ ಆ ಕಡವಿಗೆ ಕರಿಮಣ್ಣಿನ ದಾರಿ. ಜೀಪು ಹಾರಿ ಹಾರಿ ಬೀಳುತ್ತಿತ್ತು. ಡ್ರೈವರ್ ಏನೋ ಕೇಳುತ್ತಿದ್ದ. ನನಗೆ ಕಣ್ಣ ಮುಂದೆ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಜೀವಮಾನದಲ್ಲಿ ಅಷ್ಟು ಹೆದರಿಕೆ ನನಗೆ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ದಡ ಮುಟ್ಟಿದರೆ ಹೊಳೆ ತಣ್ಣಗೆ ಹರಿಯುತ್ತಿತ್ತು. ಬಿಸಿಲು ಬಿದ್ದಿತ್ತು. ಆಚೆ ದಡದಲ್ಲಿ ಹರಿಗೋಲು ಹೊರಡಲು ತಯಾರಾಗಿ ನಿಂತಿತ್ತು. ನಾಲ್ಕೈದು ಜನ ಆಗಲೇ ಕುಳಿತಿದ್ದರು. ಹಸಿರು ಇಳಕಲ್ ಸೀರೆಯ ಶಾಂತಾ ಒಂದು ಕಾಲನ್ನು ಹರಿಗೋಲಿನಲ್ಲಿಟ್ಟು, ಕೂಸನ್ನು ಯಾರದೋ ಕೈಗೆ ದಾಟಿಸುತ್ತಿದ್ದಳು.

ಕಡವಿನ ಕಂಬಕ್ಕೆ ಇಲಾಖೆಯ ಕೆಂಪು ಬಟ್ಟೆ ಏರಿಸಿದರೆ ಹರಿಗೋಲು ನಿಲ್ಲಬೇಕೆಂಬುದು ಪದ್ಧತಿ. ಹಗ್ಗ ಜಗ್ಗಿ ಏರಿಸಿದೆ. ಅಂಬಿಗ ನೋಡಿದ. ಹುಟ್ಟು ಕೆಳಗಿಟ್ಟ. ಎಲ್ಲರನ್ನೂ ಇಳಿಸತೊಡಗಿದ. ಶಾಂತಾ ಕೂಸನ್ನು ಹೊಳ್ಳಿ ಕಂಕುಳಿಗೆ ಹಾಕಿಕೊಂಡು, ಉಂಡಿಯ ಬುಟ್ಟಿ ದಡಕ್ಕಿಟ್ಟು, ಈಚೆ ದಡದಲ್ಲಿ ನಿಂತ ನನ್ನನ್ನು ಗುರುತಿಸಿದಳು. ಗುರುತಿಸಿ ಶುರುಮಾಡಿದಳು. ಕೈ ಎತ್ತಿ ಎತ್ತಿ ಬೈಯುತ್ತಿದ್ದಳು, ಅದಷ್ಟು ಕಾಣುತ್ತಿತ್ತು. ನಾನೂ ಶುರುಮಾಡಿದೆ. "ಹಿಂದ ಸರಿ! ನೀರು ಬರಾಕತ್ತೈತಿ!" ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ಅವಳು ಅನ್ನುವಾಗ ನಾನು ಅನ್ನುತ್ತಿದ್ದೆ, ನಾನು ಅನ್ನುವಾಗ ಅವಳು. ಇಬ್ಬರ ಮಾತೂ ಹೊಳೆಯ ನಡುವೆಯೇ ಬಿದ್ದು ಹೋಯಿತು. ನಾಲ್ಕು ಊರಿನ ಸಿಳ್ಳೆ ಸಾಲದೆಂದು ಇಲ್ಲಿಯೂ ಅದೇ ಹಣೆಬರಹವೇ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು.

ಆಗ ಶಬ್ದ ಕೇಳಿಸಿತು. ಇಬ್ಬರೂ ಸುಮ್ಮನಾದೆವು. ಮೇಲಿನ ತಿರುವಿನಿಂದ ಕೆಂಪು ನೀರು ಬಂತು. ಅದರ ಮೇಲೆ ಒಂದು ಇಡೀ ಜಾಲಿಯ ಗಿಡ ಬೇರಿನ ಸಮೇತ ಉರುಳುತ್ತ ಬಂತು. ಅಂಬಿಗ ಮತ್ತು ಉಳಿದವರು ಹರಿಗೋಲನ್ನು ಹೊತ್ತುಕೊಂಡು ಮೇಲಕ್ಕೆ ಓಡಿದರು. ಶಾಂತಾ ದಿಬ್ಬ ಹತ್ತಿ, ಕೂಸನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಕುಳಿತುಬಿಟ್ಟಳು. ನಾನೂ ಈಚೆಗೆ ಕುಳಿತೆ. ಅವಳು ಇನ್ನೂ ಒಂದು ವಾರ ತವರಿನಲ್ಲೇ ಇರಬೇಕಾಯಿತು. ಬಂದ ಮೇಲೆ, ಬುಟ್ಟಿಯ ಉಂಡಿಯಲ್ಲಿ ಅರ್ಧ ಇಂಡಿಗೆ ಎತ್ತಿಟ್ಟಳು. ಅಂದಿನಿಂದ ಪ್ರತಿ ಪಂಚಮಿಗೂ ಬಸ್ಸಿನಲ್ಲಿ ರಾಜೇಸಾಬರಿಗೆ ಉಂಡಿ ಹೋಗುತ್ತದೆ.

ಮರುದಿನ ಬೆಳಿಗ್ಗೆ ಸೆಟ್ ಹಚ್ಚಿದೆ. ರಾಜೇಸಾಬರಿಗೆ ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೇಳಲು ಕೂಡದೆಂಬ ಹುಕುಂ ಬೇರೆ. ಅವರಿಗೆ ಮೇಲಿನಿಂದ ಏನು ಕಾದಿದೆಯೋ ಎಂಬ ಭಯವೂ ಇತ್ತು. ಅಷ್ಟರಲ್ಲಿ ಬಾಗೇವಾಡಿಯೇ ಬಂತು.

"ಇಂಡಿ, ಇಂಡಿ, ಕಂಟ್ರೋಲ್." ಸಾಹೇಬರು ಗಂಟಲು ಸರಿಮಾಡಿಕೊಂಡರು. "ನಮಸ್ಕಾರ. ನಿಮ್ಮ ಎಮ್ಮೆ ಈದಿತೇನ್ರೀ? ಓವರ್."

"ಈದೈತ್ರೀ ಸಾಹೇಬ್ರ," ಅಂದಿತು ಇಂಡಿ. "ಹೆಣ್ಣ ಕರಾ ರೀ. ಗಿಣ್ಣ ಕಳಸ್ತೇನ್ರಿ. ನಾಷ್ಟಾ ಆತೇನ್ರಿ? ಓವರ್."

ಅಲ್ಲಿಗೆ ಸುಖ ಮುಗಿಯಿತು. ಚಹಾ ಮತ್ತೆ ಆರತೊಡಗಿತು. ಸಾಹೇಬರ ಮನೆಯ ಕುಶಲವೂ ಸೇರಿಕೊಂಡದ್ದರಿಂದ ಮೊದಲಿಗಿಂತ ಹೆಚ್ಚೇ ಆರತೊಡಗಿತು. ಕೃತಜ್ಞತೆ ಇರಲಿಲ್ಲವೇ ಅಂದರೆ, ಇತ್ತು, ಈಗಲೂ ಇದೆ. ಆದರೆ ಕೃತಜ್ಞತೆ ಇದ್ದ ಮಾತ್ರಕ್ಕೆ ಬೇಸರ ಬರಬಾರದೆಂದು ಎಲ್ಲಿದೆ? ನೌಕರಿ ಮುಗಿದು, ಸೆಟ್ಟುಗಳು ಗುಜರಿಗೆ ಹೋಗಿ, ಕೈಗೊಂದು ಮೊಬೈಲ್ ಬಂದ ಮೇಲೂ ರಾಜೇಸಾಬರು ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಫೋನ್. ಊಟ, ಮಳೆ, ಶಾಂತವ್ವನ ಮೊಣಕಾಲು, ಮಗಳು, ಮೊಮ್ಮಗಳು, ಆ ಎಮ್ಮೆಯ ಸಂತತಿ. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಪೇಪರ್ ಓದಿ ಮುಗಿಸುತ್ತೇನೆ. ಕೊನೆಗೆ, "ಮತ್ತೇನಿಲ್ಲ ತಮ್ಮಾ, ಇಡ್ತೇನಿ," ಅನ್ನುತ್ತಾರೆ. ಏನೂ ಇಲ್ಲದಿದ್ದರೆ ಮಾಡಿದ್ದೇಕೆ ಎಂದು ನಾನು ಗೊಣಗುತ್ತೇನೆ.

ಈ ಸಲದ ಪಂಚಮಿ ಮುಗಿದ ವಾರ. ಬೆಳಿಗ್ಗೆ ಫೋನು ಬಂತು. ಎತ್ತಿದೆ.

"ಗುರಪ್ಪಾ, ಶಾಂತವ್ವನ ಕೈಯಾಗ ಫೋನ್ ಕೊಡು."

ನಮಸ್ಕಾರವಿಲ್ಲ. ಆರಾಮ ಇಲ್ಲ. ಊಟ ಇಲ್ಲ. ಅವರಿಗೀಗ ಎಂಬತ್ತು ದಾಟಿದೆ. ಶಾಂತಾಳ ಕೈಗೆ ಫೋನು ಕೊಟ್ಟೆ. ಅವಳು ನನ್ನ ಮುಖ ನೋಡಿಯೇ ಕುಳಿತುಕೊಂಡಳು. ನಾನು ಎರಡೂ ಚಪ್ಪಲಿ ಮೆಟ್ಟಿದೆ, ಅಂಗಿ ಹಾಕಿಕೊಂಡೆ, ಇಂಡಿಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನೆನಪಿಸಿಕೊಳ್ಳಲು ಹೋದರೆ ನೆನಪಾಗಲಿಲ್ಲ. ಅವಳು ಕೇಳಿದಳು, ಕೇಳಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಉಂಡಿ ಇನ್ನೂ ಮುಟ್ಟಿಲ್ಲಂತ್ರಿ. ಬಸ್ಸಿನವ್ರು ಮರತಾರಂತ. ಅರ್ಜೆಂಟ್ ಅಂತ."

ನಾನು ಫೋನು ಕಿತ್ತುಕೊಂಡೆ. "ಏನ್ರೀ ಕಾಕಾ ಇದು! ಮಂದಿ ಜೀವಾ ತಗೀತೀರೇನು? ಮೊದಲ ಆರಾಮ ಅದೀರಿಲ್ಲ ಅದನ್ನ ಹೇಳ್ರಿ!"

"ಆರಾಮ ಅದೇನಿಪಾ," ಅಂದರು ಅವರು, ಸ್ವಲ್ಪ ಬೆಚ್ಚಿ.

"ನಾಷ್ಟಾ ಆತಿಲ್ಲ?"

"ಆತು. ಅದ ಹೇಳಾಕತ್ತೇನಿ ತಮ್ಮಾ, ಉಂಡಿ..."

"ಉಂಡಿ ಆಮ್ಯಾಲ. ಮನ್ಯಾಗ ಎಲ್ಲಾರೂ ಹ್ಯಾಂಗದಾರ? ರಾತ್ರಿ ನಿದ್ದಿ ಬರ್ತೈತಿಲ್ಲ?"

ಹೀಗೆ ಒಂದೊಂದಾಗಿ ಕೇಳಿದೆ. ಮಳೆ ಕೇಳಿದೆ, ಮೊಣಕಾಲು ಕೇಳಿದೆ, ಮೊಮ್ಮಕ್ಕಳನ್ನು ಹೆಸರು ಹಿಡಿದು ಕೇಳಿದೆ. ಅವರು ನಡುವೆ ಬಾಯಿ ಹಾಕಲು ನೋಡಿದರು, ನಾನು ದಾರಿ ಕೊಡಲಿಲ್ಲ. ಫೋನಿನಲ್ಲಿ ಒತ್ತಲು ಬಟನ್ ಇಲ್ಲ, ಆದರೂ ನನ್ನ ಹೆಬ್ಬೆರಳು ಅದರ ಬದಿಯನ್ನು ಬಲವಾಗಿ ಒತ್ತಿ ಹಿಡಿದಿತ್ತು. ಶಾಂತಾ ಚಹಾ ತಂದಿಟ್ಟಳು. ಅದು ಆರಿತು. ಕೊನೆಗೆ ಚಪ್ಪಲಿ ಕಳಚಿಟ್ಟು ಕುಳಿತು, "ಈಗ ಎಮ್ಮಿದು ಹೇಳ್ರಿ ಕಾಕಾ," ಅಂದೆ.